ನಿವೃತ್ತಿಯ ಹೊಸ್ತಿಲಲ್ಲಿ ಉಳಿತಾಯದ ಹಣ

ತಿಂಗಳ ಸಂಬಳದಿಂದ ಜೀವನ ನಡೆಸುವ ನೌಕರರ ಕೈಗೆ ದೊಡ್ಡ ಮೊತ್ತವೊಂದು ಒಟ್ಟಾಗಿ ಬರುವುದು ಸಾಮಾನ್ಯವಾಗಿ ಆಯುಷ್ಯದಲ್ಲಿ ಒಂದೇ ಸಲ. ಅದೂ ಅವರು ದುಡಿಮೆಯನ್ನು ನಿಲ್ಲಿಸುವ ಹೊತ್ತಿಗೆ. ಭವಿಷ್ಯ ನಿಧಿ, ಗ್ರ್ಯಾಚ್ಯುಟಿ, ಗಳಿಕೆ ರಜೆಯ ನಗದೀಕರಣ ಎಂಬ ಮೂರು ಬಾಬುಗಳಿಂದ ಈ ಹಣ ಸೇರುತ್ತದೆ. (ಗ್ರ್ಯಾಚ್ಯುಟಿಗೆ ‘ಉಪದಾನ’ ಎಂಬ ಪದ ಸರ್ಕಾರಿ ಕಾಗದಪತ್ರಗಳಲ್ಲಿ ಇದೆಯಾದರೂ ಕಾರ್ಖಾನೆಯ ಲೆಕ್ಕ ವಿಭಾಗದಲ್ಲಿ ಆ ಮಾತನ್ನು ಆಡಿದರೆ ಯಾರಿಗೂ ತಿಳಿಯದು, ಆದುದರಿಂದ ಇಲ್ಲಿ ಬಳಕೆಯ ಮಾತನ್ನೇ ಉಳಿಸಿಕೊಳ್ಳಲಾಗಿದೆ.) ಮೂವತ್ತು ಮೂವತ್ತೈದು ವರ್ಷ ಸಾವಿರಗಳ ಲೆಕ್ಕದಲ್ಲಿ ಸಂಸಾರ ತೂಗಿಸಿದವರು ಕೆಲವೇ ವಾರಗಳಲ್ಲಿ ಲಕ್ಷಗಳ ಲೆಕ್ಕದಲ್ಲಿ ತೀರ್ಮಾನ ಕೈಗೊಳ್ಳಬೇಕಾಗುತ್ತದೆ. ಆ ತೀರ್ಮಾನ ತಪ್ಪಿದರೆ ಸರಿಪಡಿಸಿಕೊಳ್ಳಲು ಮುಂದಿನ ತಿಂಗಳ ಸಂಬಳವಿರುವುದಿಲ್ಲ.

ಹೈದರಾಬಾದಿನ ಕನ್ನಡ ಕುಟುಂಬಗಳಿಗೆ ಈ ವಿಷಯ ಹತ್ತಿರದ್ದು. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದುದರಿಂದ ಆ ಕಡೆಯವರು ಓದಿಗೂ ನೌಕರಿಗೂ ಈ ನಗರಕ್ಕೆ ಬಂದು ನೆಲೆಸುವುದು ಹಳೆಯ ರೂಢಿ. ಮುಂದೆ ರಾಮಚಂದ್ರಾಪುರದ ಬಿ.ಎಚ್.ಇ.ಎಲ್., 1967ರಲ್ಲಿ ಸ್ಥಾಪನೆಯಾದ ಇ.ಸಿ.ಐ.ಎಲ್., 1970ರ ಭಾರತ್ ಡೈನಮಿಕ್ಸ್, 1973ರ ಮಿಧಾನಿ ಮುಂತಾದ ಕೇಂದ್ರೋದ್ಯಮಗಳು ಈ ವಲಸೆಗೆ ಇನ್ನಷ್ಟು ಆಸರೆಯಾದವು. ಈ ಉದ್ಯಮಗಳ ನೌಕರರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಮುಂದಿನ ವಿವರಣೆಯನ್ನು ನೀಡಲಾಗಿದೆ.

ಪಿಂಚಣಿ ಎಷ್ಟು ಬರುತ್ತದೆ?

ಹಣವನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆಗೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಹೈದರಾಬಾದಿನಲ್ಲಿ ಇ.ಸಿ.ಐ.ಎಲ್. ಮತ್ತು ಪರಮಾಣು ಇಂಧನ ಸಂಕೀರ್ಣ ಎರಡೂ ನೆರೆಹೊರೆಯಲ್ಲಿವೆ. ಎರಡನೆಯದು ಪರಮಾಣು ಶಕ್ತಿ ಇಲಾಖೆಯ ಘಟಕ. ಅಲ್ಲಿಯ ನೌಕರರು ಕೇಂದ್ರ ಸರ್ಕಾರಿ ನೌಕರರು. 2004ರ ಜನವರಿ 1ಕ್ಕೆ ಮೊದಲು ಸೇವೆಗೆ ಸೇರಿದವರಿಗೆ ಅಲ್ಲಿ ಹಳೆಯ ಪದ್ಧತಿಯ ಪಿಂಚಣಿಯೂ ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿ ಪರಿಹಾರವೂ ದೊರೆಯುತ್ತದೆ. ಮೊದಲನೆಯದು ಸಾರ್ವಜನಿಕ ಉದ್ಯಮ. ಅಲ್ಲಿಯವರಿಗೆ ದೊರೆಯುವುದು 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯ ಪಿಂಚಣಿ. ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬಂದ ಇಬ್ಬರು ಗೆಳೆಯರಿಗೆ ನಿವೃತ್ತಿಯ ನಂತರ ಒಂದೇ ಸಲಹೆ ಹೊಂದುವುದಿಲ್ಲ. ಒಬ್ಬರಿಗೆ ಬೆಲೆ ಏರಿದಂತೆ ಏರುವ ವರಮಾನವಿದೆ. ಇನ್ನೊಬ್ಬರು ಅಂಥ ವರಮಾನವನ್ನು ತಮ್ಮ ಉಳಿತಾಯದಿಂದಲೇ ನಿರ್ಮಿಸಿಕೊಳ್ಳಬೇಕು.

1995ರ ಯೋಜನೆಯ ಸೂತ್ರ ಸರಳವಾದುದು. ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ಬರುವುದೇ ತಿಂಗಳ ಪಿಂಚಣಿ. ಅರ್ಹ ಸಂಬಳದ ಮಿತಿಯನ್ನು 2014ರ ಸೆಪ್ಟೆಂಬರ್ 1ರಿಂದ 15,000 ರೂಪಾಯಿಗೆ ನಿಗದಿಪಡಿಸಲಾಯಿತು. ಅದಕ್ಕೆ ಮೊದಲು ಅದು 6,500 ರೂಪಾಯಿ ಇತ್ತು. 15,000ದ ಲೆಕ್ಕದಲ್ಲೇ ಪೂರ್ಣ 35 ವರ್ಷದ ಸೇವೆಯನ್ನು ಹಿಡಿದರೂ ಪಿಂಚಣಿ 7,500 ರೂಪಾಯಿ ಮಾತ್ರ. 20 ವರ್ಷಕ್ಕೆ ಮೇಲ್ಪಟ್ಟ ಸೇವೆಗೆ ಸೇರಿಸುವ 2 ವರ್ಷಗಳನ್ನು ಕೂಡಿಸಿದರೂ ಅದು ಎಂಟು ಸಾವಿರವನ್ನು ಮುಟ್ಟುವುದಿಲ್ಲ. ಇದಕ್ಕೆ ತುಟ್ಟಿ ಪರಿಹಾರ ಇಲ್ಲ. ಹೆಚ್ಚಿನ ಸಂಬಳದ ಮೇಲೆ ವಂತಿಗೆ ಸಲ್ಲಿಸಿ, 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನ ಅನ್ವಯ ಹೆಚ್ಚಿನ ಪಿಂಚಣಿಗೆ ಅರ್ಹರಾದವರ ಸ್ಥಿತಿ ಬೇರೆ. ಸಂಸ್ಥೆಯದೇ ಪ್ರತ್ಯೇಕ ಪಿಂಚಣಿ ನಿಧಿ ಇದ್ದವರ ಸ್ಥಿತಿಯೂ ಬೇರೆ. ಉಳಿದವರು ಕೊನೆಯ ತಿಂಗಳ ಸಂಬಳವನ್ನೂ ಈ ಪಿಂಚಣಿಯನ್ನೂ ಒಂದರ ಕೆಳಗೊಂದು ಬರೆದು ನೋಡುವುದು ಒಳ್ಳೆಯದು. ಅಹಿತಕರವಾದರೂ ಅದನ್ನು ನಿವೃತ್ತಿಗೆ ಐದು ವರ್ಷ ಮೊದಲೇ ನೋಡಬೇಕು.

ಕೊನೆಯ ಐದು ವರ್ಷಗಳು

ನಿವೃತ್ತಿಗೆ ಐದು ವರ್ಷವಿರುವಾಗ ಕೆಲವರಲ್ಲಿ ಅವಸರ ಹುಟ್ಟುತ್ತದೆ. ಇಷ್ಟು ದಿನ ಉಳಿಸಿದ್ದು ಸಾಲದು, ಈಗಲಾದರೂ ಬೇಗ ಬೆಳೆಸಬೇಕೆಂದು ಅವರು ಷೇರುಪೇಟೆಗೆ ಹೊಸದಾಗಿ ಇಳಿಯುತ್ತಾರೆ. ವಾಸ್ತವದಲ್ಲಿ ನಡೆಯಬೇಕಾದುದು ಇದರ ವಿರುದ್ಧ. ಷೇರು ಅಥವಾ ಷೇರು ಆಧಾರಿತ ಮ್ಯೂಚುಯಲ್ ಫಂಡುಗಳಲ್ಲಿ ಇರುವ ಹಣದಲ್ಲಿ ನಿವೃತ್ತಿಯ ಮೊದಲ ಐದಾರು ವರ್ಷಗಳಲ್ಲಿ ಬೇಕಾಗುವ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಸುರಕ್ಷಿತ ಠೇವಣಿಗೆ ವರ್ಗಾಯಿಸಿಕೊಳ್ಳುತ್ತ ಬರಬೇಕು. ರಾಷ್ಟ್ರೀಯ ಪಿಂಚಣಿ ಪದ್ಧತಿಯಲ್ಲಿ ಇದನ್ನು ನಿಯಮವಾಗಿಯೇ ಅಳವಡಿಸಲಾಗಿದೆ. ಅದರ ಸ್ವಯಂಚಾಲಿತ ಆಯ್ಕೆಯ ಮಧ್ಯಮ ಮಾದರಿಯಲ್ಲಿ 35ನೆಯ ವಯಸ್ಸಿನವರೆಗೆ ಶೇಕಡ 50ರಷ್ಟು ಹಣ ಷೇರುಗಳಲ್ಲಿ ಇರುತ್ತದೆ. ಅಲ್ಲಿಂದ ವರ್ಷವರ್ಷವೂ ಇಳಿದು 55ರ ವೇಳೆಗೆ ಶೇಕಡ 10ಕ್ಕೆ ಬರುತ್ತದೆ.

ಹೀಗೇಕೆಂಬುದಕ್ಕೆ 2008ನೆಯ ವರ್ಷ ಸಾಕ್ಷಿ. ಆ ಜನವರಿಯಲ್ಲಿ 20,000ಕ್ಕೂ ಮೇಲಿದ್ದ ಮುಂಬಯಿ ಷೇರುಪೇಟೆಯ ಸೂಚ್ಯಂಕ ಅಕ್ಟೋಬರಿನಲ್ಲಿ 9,000ಕ್ಕಿಂತ ಕೆಳಗೆ ಕುಸಿಯಿತು. ಪೇಟೆ ಮುಂದೆ ಚೇತರಿಸಿಕೊಂಡಿತು ನಿಜ. ಮೂವತ್ತೈದರ ನೌಕರ ಆ ಚೇತರಿಕೆಗೆ ಕಾದ. ಆ ವರ್ಷವೇ ನಿವೃತ್ತರಾಗಿ ಮನೆಖರ್ಚಿಗಾಗಿ ಕುಸಿದ ಬೆಲೆಯಲ್ಲಿ ಮಾರಬೇಕಾಗಿ ಬಂದವರಿಗೆ ಕಾಯುವ ಅವಕಾಶವಿರಲಿಲ್ಲ. ಮಾರಿದ ಷೇರು ಮತ್ತೆ ಏರುವುದಿಲ್ಲ. ಹೈದರಾಬಾದಿನವರಿಗೆ ಇನ್ನೊಂದು ದಿನವೂ ನೆನಪಿರುತ್ತದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಲೆಕ್ಕಪತ್ರಗಳು ಸುಳ್ಳೆಂಬುದನ್ನು ಅದರ ಅಧ್ಯಕ್ಷರೇ ಪತ್ರದ ಮೂಲಕ ಒಪ್ಪಿಕೊಂಡಾಗ ಷೇರಿನ ಬೆಲೆ ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿಯಿತು. ನಮ್ಮೂರ ಕಂಪನಿ, ನಮ್ಮ ಮಗ ಕೆಲಸ ಮಾಡುವ ಕಂಪನಿ ಎಂಬ ವಿಶ್ವಾಸದಿಂದ ಒಂದೇ ಷೇರಿನಲ್ಲಿ ಹಣವಿಡುವುದು ಎಷ್ಟು ಅಪಾಯಕರವೆಂಬುದಕ್ಕೆ ಬೇರೆ ನಿದರ್ಶನ ಬೇಕಾಗಿಲ್ಲ.

ಈ ಐದು ವರ್ಷಗಳಲ್ಲಿ ಹೆಚ್ಚು ಉಳಿಸಬಯಸುವವರಿಗೆ ಅತ್ಯಂತ ಸುಲಭವಾದ ದಾರಿ ಭವಿಷ್ಯ ನಿಧಿಗೆ ಕಡ್ಡಾಯವಾದ ಶೇಕಡ 12ಕ್ಕೆ ಮೀರಿ ಸ್ವಇಚ್ಛೆಯಿಂದ ವಂತಿಗೆ ನೀಡುವುದು. 2024-25ನೆಯ ಸಾಲಿಗೆ ನಿಧಿಯ ಬಡ್ಡಿ ಶೇಕಡ 8.25 ಇತ್ತು. ನೌಕರರ ಸ್ವಂತ ವಂತಿಗೆ ವರ್ಷಕ್ಕೆ 2.5 ಲಕ್ಷ ರೂಪಾಯಿಯನ್ನು ಮೀರಿದಲ್ಲಿ ಮೀರಿದ ಭಾಗದ ಬಡ್ಡಿಗೆ ತೆರಿಗೆ ಇದೆ ಎಂಬುದನ್ನು ಮಾತ್ರ ಗಮನಿಸಬೇಕು. ಬಾಕಿ ಉಳಿದ ಸಾಲವನ್ನು ತೀರಿಸುವುದೂ ಒಂದು ಬಗೆಯ ಹೂಡಿಕೆಯೇ. ಶೇಕಡ 9ರ ಸಾಲವನ್ನು ಇಟ್ಟುಕೊಂಡು ಶೇಕಡ 7ರ ಠೇವಣಿ ಇಡುವುದರಲ್ಲಿ ಅರ್ಥವಿಲ್ಲ.

ಒಂದು ಮಾದರಿ ಲೆಕ್ಕ

ಅರವತ್ತು ತುಂಬಿ ನಿವೃತ್ತರಾಗುವ ಕೇಂದ್ರೋದ್ಯಮದ ನೌಕರರೊಬ್ಬರಿಗೆ ಭವಿಷ್ಯ ನಿಧಿಯಿಂದ 50 ಲಕ್ಷ, ಗ್ರ್ಯಾಚ್ಯುಟಿ 20 ಲಕ್ಷ, ರಜೆಯ ನಗದೀಕರಣ 10 ಲಕ್ಷ, ಒಟ್ಟು 80 ಲಕ್ಷ ರೂಪಾಯಿ ಬಂದಿತೆಂದು ಭಾವಿಸೋಣ. ಗೃಹಸಾಲದ ಬಾಕಿ 5 ಲಕ್ಷವಿದೆ. ಮಗಳ ಮದುವೆಗೆ 10 ಲಕ್ಷ ತೆಗೆದಿರಿಸಬೇಕು. ಕಾಯಿಲೆ ಕಸಾಲೆಗೆಂದು 5 ಲಕ್ಷವನ್ನು ಯಾವ ಹೊತ್ತಿನಲ್ಲಾದರೂ ತೆಗೆಯಬಹುದಾದಂತೆ ಬ್ಯಾಂಕಿನಲ್ಲಿ ಇಟ್ಟರೆ ಉಳಿಯುವುದು 60 ಲಕ್ಷ. ತಿಂಗಳ ಮನೆಖರ್ಚು 35,000 ರೂಪಾಯಿ. ಪಿಂಚಣಿ 5,000 ರೂಪಾಯಿ.

ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಲ್ಲಿ ಆರಂಭವಾಯಿತು. ಇದರಲ್ಲಿ ಒಬ್ಬರು ತೊಡಗಿಸಬಹುದಾದ ಗರಿಷ್ಠ ಮೊತ್ತವನ್ನು 2023ರ ಏಪ್ರಿಲ್‌ನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಯಿತು. 2025ರಲ್ಲಿ ಬಡ್ಡಿ ಶೇಕಡ 8.2 ಇತ್ತು. ಈ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಎಂದರೆ ತಿಂಗಳಿಗೆ 20,500 ರೂಪಾಯಿ ಬರುತ್ತದೆ. ಅಂಚೆ ಕಚೇರಿಯ ಮಾಸಿಕ ವರಮಾನ ಯೋಜನೆಯಲ್ಲಿ ಒಬ್ಬರ ಹೆಸರಿನಲ್ಲಿ 9 ಲಕ್ಷ, ಜಂಟಿಯಾಗಿ 15 ಲಕ್ಷ ಇಡಬಹುದು. ಪತಿ ಪತ್ನಿ ಜಂಟಿಯಾಗಿ 15 ಲಕ್ಷ ಇಟ್ಟರೆ ಶೇಕಡ 7.4ರ ದರದಲ್ಲಿ ತಿಂಗಳಿಗೆ 9,250 ರೂಪಾಯಿ. ಪಿಂಚಣಿಯನ್ನೂ ಸೇರಿಸಿದರೆ ಒಟ್ಟು ವರಮಾನ 34,750 ರೂಪಾಯಿ ಆಗಿ ಮನೆಖರ್ಚಿಗೆ ಸರಿಹೋಗುತ್ತದೆ. ಇನ್ನೂ 15 ಲಕ್ಷ ಕೈಯಲ್ಲಿ ಉಳಿದಿರುತ್ತದೆ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ನಿಟ್ಟುಸಿರು ಬಿಡುವವರೇ ಹೆಚ್ಚು. ಆದರೆ ಠೇವಣಿಯ ಬಡ್ಡಿ ಏರುವುದಿಲ್ಲ, ಖರ್ಚು ಏರುತ್ತದೆ. ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ ಏರಿದರೆ ಇಂದಿನ 35,000 ರೂಪಾಯಿಯ ಮನೆಖರ್ಚು ಐದು ವರ್ಷಗಳ ನಂತರ ಸುಮಾರು 46,800 ರೂಪಾಯಿ, ಹನ್ನೆರಡು ವರ್ಷಗಳಲ್ಲಿ ಎರಡರಷ್ಟು, ಇಪ್ಪತ್ತು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆಗುತ್ತದೆ. ನಮ್ಮ ದೇಶದಲ್ಲಿ ಅರವತ್ತನ್ನು ತಲುಪಿದವರು ಸರಾಸರಿ ಇನ್ನೂ ಸುಮಾರು ಹದಿನೆಂಟು ವರ್ಷ ಬದುಕುತ್ತಾರೆ. ಪತಿಗಿಂತ ಪತ್ನಿ ಕಿರಿಯಳಾಗಿರುವ ಸಂಸಾರದಲ್ಲಿ ಈ ಹಣ ಇಪ್ಪತ್ತೈದು ವರ್ಷ ಬಾಳಬೇಕಾಗುವುದು ಅಸಾಧಾರಣವೇನಲ್ಲ.

ಹೀಗಾಗಿ ಉಳಿದ ಆ 15 ಲಕ್ಷದ ಬಗ್ಗೆ ಹೆಚ್ಚು ಯೋಚಿಸಬೇಕು. ಅದನ್ನು ಏಳೆಂಟು ವರ್ಷ ಮುಟ್ಟದೆ ಇಡುವುದು ಸಾಧ್ಯವಿದ್ದಲ್ಲಿ ಅದರಲ್ಲಿ ಒಂದು ಭಾಗವನ್ನು, ಹೆಚ್ಚೆಂದರೆ ಅರ್ಧವನ್ನು, ಅನೇಕ ಕಂಪನಿಗಳಲ್ಲಿ ಹಂಚಿಹೋಗುವ ಮ್ಯೂಚುಯಲ್ ಫಂಡಿನಲ್ಲಿ ಇಡಬಹುದು. ಅದನ್ನೂ ಒಂದೇ ದಿನ ಹಾಕದೆ ವರ್ಷ ಎರಡು ವರ್ಷಗಳ ಅವಧಿಯಲ್ಲಿ ಕಂತುಗಳಾಗಿ ಹಾಕುವುದು ಕ್ಷೇಮ. ನಿವೃತ್ತರು ಷೇರಿನ ನೆರಳನ್ನೂ ತುಳಿಯಬಾರದೆಂಬ ಹಳೆಯ ಉಪದೇಶ ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲವನ್ನೂ ಷೇರಿಗೆ ಹಾಕಿ ಎಂಬ ಹೊಸ ಉಪದೇಶ 2008ನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮುಂದಿನ ಐದು ವರ್ಷದ ಅನ್ನ ಠೇವಣಿಯಲ್ಲಿ ಇರಲಿ, ಹತ್ತು ವರ್ಷದ ಆಚೆಯ ಅನ್ನ ಸ್ವಲ್ಪ ಬೆಳೆಯುವ ಕಡೆ ಇರಲಿ ಎಂಬ ವಿಭಜನೆ ಹೆಚ್ಚು ವ್ಯಾವಹಾರಿಕವಾದುದು.

ಹಾಗಿದ್ದರೂ ಮೇಲಿನ ಲೆಕ್ಕ ನಿರಾಳವಾದುದೆಂದು ಹೇಳುವಂತಿಲ್ಲ. ಐದನೆಯ ವರ್ಷದ ಹೊತ್ತಿಗೆ ತಿಂಗಳಿಗೆ ಸುಮಾರು 12,000 ರೂಪಾಯಿ ಕೊರತೆ ಕಾಣಿಸಿಕೊಳ್ಳುತ್ತದೆ. ಅದನ್ನು ತುಂಬಲು ಆ 15 ಲಕ್ಷವೊಂದೇ ಇದೆ. ಮದುವೆಯ ಖರ್ಚನ್ನು 10 ಲಕ್ಷದಿಂದ 15ಕ್ಕೆ ಏರಿಸುವ ಮಾತು ಮನೆಯಲ್ಲಿ ಬಂದಾಗ ಹೋಗುವುದು ಆ ದಿನದ ಐದು ಲಕ್ಷವಲ್ಲ, ಎಪ್ಪತ್ತರ ನಂತರದ ಮೂರು ನಾಲ್ಕು ವರ್ಷಗಳ ಮನೆಖರ್ಚಿನ ಒಂದು ಪಾಲು. ಮಕ್ಕಳೆದುರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲು ತಂದೆತಾಯಿಗಳು ಸಂಕೋಚಪಡುತ್ತಾರೆ, ಸಂಕೋಚಪಡಬೇಕಾಗಿಲ್ಲ.

ಬಡ್ಡಿಯ ದರವೂ ಸ್ಥಿರವಲ್ಲ. ಸಣ್ಣ ಉಳಿತಾಯ ಯೋಜನೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಹಿರಿಯ ನಾಗರಿಕರ ಯೋಜನೆಯಲ್ಲಿ ಖಾತೆ ತೆರೆದ ದಿನದ ದರ ಐದು ವರ್ಷ ಬದಲಾಗುವುದಿಲ್ಲವಾದರೂ ಅವಧಿ ಮುಗಿದ ಮೇಲೆ ಅಂದಿನ ದರಕ್ಕೇ ಒಪ್ಪಬೇಕು. 2020ರ ಏಪ್ರಿಲ್ 1ರಂದು ಈ ದರ ಶೇಕಡ 8.6ರಿಂದ 7.4ಕ್ಕೆ ಇಳಿದಿತ್ತು. ಇಡೀ ಹಣವನ್ನು ಒಂದೇ ದಿನ ಒಂದೇ ಅವಧಿಗೆ ಇಟ್ಟವರಿಗೆ ಇಂಥ ಇಳಿತ ಒಟ್ಟಿಗೆ ತಟ್ಟುತ್ತದೆ. ಬ್ಯಾಂಕ್ ಠೇವಣಿಗಳನ್ನು ಒಂದು, ಎರಡು, ಮೂರು ವರ್ಷಗಳ ಬೇರೆ ಬೇರೆ ಅವಧಿಗೆ ಇಟ್ಟವರಿಗೆ ಅಷ್ಟಾಗಿ ತಟ್ಟುವುದಿಲ್ಲ. ಅವಸರಪಡಬೇಕಾದ ಕಾರಣವೂ ಇಲ್ಲ. ಭವಿಷ್ಯ ನಿಧಿಯ ಹಣವನ್ನು ನಿವೃತ್ತಿಯ ಮರುದಿನವೇ ತೆಗೆಯಬೇಕೆಂದೇನೂ ಇಲ್ಲ. ಮೂರು ವರ್ಷದವರೆಗೆ ಅದಕ್ಕೆ ಬಡ್ಡಿ ಸೇರುತ್ತದೆ. ನಿವೃತ್ತಿಯ ನಂತರ ಸೇರಿದ ಬಡ್ಡಿಗೆ ಮಾತ್ರ ತೆರಿಗೆ ಅನ್ವಯಿಸುತ್ತದೆ.

ರಾಷ್ಟ್ರೀಯ ಪಿಂಚಣಿ ಪದ್ಧತಿಯಲ್ಲಿರುವ ಸರ್ಕಾರಿ ನೌಕರರು ಶೇಖರವಾದ ನಿಧಿಯ ಕನಿಷ್ಠ ಶೇಕಡ 40ರಿಂದ ವರ್ಷಾಶನವನ್ನು ಖರೀದಿಸಬೇಕು. ಆಯುಷ್ಯವಿರುವವರೆಗೆ ನಿಗದಿತ ಮೊತ್ತ ಬರುವುದು ವರ್ಷಾಶನದ ಗುಣ. ಒಮ್ಮೆ ಕೊಂಡ ಮೇಲೆ ಸಾಮಾನ್ಯವಾಗಿ ಹಿಂದೆ ಪಡೆಯುವಂತಿಲ್ಲ, ಮೊತ್ತ ಏರುವುದೂ ಇಲ್ಲ ಎಂಬುದು ಅದರ ಮಿತಿ. ಪತ್ನಿಯ ಜೀವಿತಾವಧಿಗೂ ಮುಂದುವರಿಯುವ ಬಗೆಯನ್ನು ಆರಿಸಿದರೆ ಮೊತ್ತ ಸ್ವಲ್ಪ ಕಡಿಮೆಯಾದೀತು, ಆದರೂ ಅದನ್ನೇ ಆರಿಸುವುದು ಉಚಿತ.

ಒಂದೆರಡು ಶೇಕಡ ಹೆಚ್ಚಿನ ಬಡ್ಡಿ

ನಿವೃತ್ತರ ಹಣ ಹೆಚ್ಚಾಗಿ ನಷ್ಟವಾಗುವುದು ಷೇರುಪೇಟೆಯಲ್ಲಲ್ಲ, ಸುರಕ್ಷಿತವೆಂದು ಕಾಣುವ ಠೇವಣಿಯಲ್ಲಿ ಎಂಬುದಕ್ಕೆ ಈ ನಗರದ ಇತಿಹಾಸವೇ ಆಧಾರ. ಸಿಕಂದರಾಬಾದಿನ ಕೃಷಿ ಸಹಕಾರ ನಗರ ಬ್ಯಾಂಕು 2001ರಲ್ಲಿ ಕುಸಿಯಿತು. ಅದರ ಬೆನ್ನಿಗೇ 2002ರಲ್ಲಿ ಚಾರ್ಮಿನಾರ್ ಸಹಕಾರ ನಗರ ಬ್ಯಾಂಕು, ಪ್ರುಡೆನ್ಶಿಯಲ್ ಸಹಕಾರ ಬ್ಯಾಂಕುಗಳು ಠೇವಣಿ ಹಿಂದಿರುಗಿಸಲಾಗದ ಸ್ಥಿತಿಗೆ ಬಂದವು. ದೊಡ್ಡ ಬ್ಯಾಂಕುಗಳಿಗಿಂತ ಹೆಚ್ಚು ಬಡ್ಡಿ, ಪರಿಚಿತ ನಿರ್ದೇಶಕರು, ಮನೆಯ ಹತ್ತಿರದ ಶಾಖೆ ಇಂಥ ಬ್ಯಾಂಕುಗಳ ಆಕರ್ಷಣೆ. ಆಗ ಠೇವಣಿ ವಿಮೆಯ ಮಿತಿ ಒಂದು ಲಕ್ಷ ರೂಪಾಯಿ ಮಾತ್ರವಾಗಿತ್ತು. ಅದು 1993ರಿಂದ ಹಾಗೆಯೇ ಇದ್ದು, 2020ರ ಫೆಬ್ರವರಿ 4ರಂದು 5 ಲಕ್ಷಕ್ಕೆ ಏರಿತು.

ಈ 5 ಲಕ್ಷವನ್ನು ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಅದು ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ, ಅಸಲು ಬಡ್ಡಿ ಸೇರಿ, ಅನ್ವಯಿಸುವ ಮಿತಿ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಠೇವಣಿ ಇಟ್ಟರೆ ಮೂರು ಪಟ್ಟು ರಕ್ಷಣೆ ದೊರೆಯುವುದಿಲ್ಲ. ಸಹಕಾರ ಬ್ಯಾಂಕುಗಳಿಗೂ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಚೀಟಿ ಸಂಸ್ಥೆಗಳಿಗೆ, ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಇಲ್ಲ. ಹೆಸರಿನಲ್ಲಿ ‘ಸಹಕಾರ’ವೆಂದಿದ್ದ ಮಾತ್ರಕ್ಕೆ ಅದು ಬ್ಯಾಂಕಲ್ಲ.

ಠೇವಣಿಗೂ ಷೇರಿಗೂ ಇರುವ ಅಂತರವನ್ನು ಇದೇ ನಗರದ ಗ್ಲೋಬಲ್ ಟ್ರಸ್ಟ್ ಬ್ಯಾಂಕಿನ ಪ್ರಕರಣ ತೋರಿಸಿಕೊಟ್ಟಿತು. 2004ರ ಜುಲೈ 24ರಂದು ಅದರ ವಹಿವಾಟಿಗೆ ತಡೆ ಬಿದ್ದಿತು. ಆಗಸ್ಟ್ 14ರಂದು ಅದನ್ನು ಓರಿಯಂಟಲ್ ಬ್ಯಾಂಕ್ ಆಫ್ ಕಾಮರ್ಸ್‌ನಲ್ಲಿ ವಿಲೀನಗೊಳಿಸಲಾಯಿತು. ಠೇವಣಿದಾರರ ಹಣ ಉಳಿಯಿತು. ಷೇರುದಾರರಿಗೆ ಏನೂ ದಕ್ಕಲಿಲ್ಲ.

ಹೊಸ ಆಮಿಷಗಳ ಹೆಸರು ಮಾತ್ರ ಬದಲಾಗುತ್ತಿದೆ. ಇನ್‌ವಾಯ್ಸ್ ಡಿಸ್ಕೌಂಟಿಂಗ್ ಎಂಬ ಹೆಸರಿನಲ್ಲಿ ಜನರಿಂದ ಹಣ ಸಂಗ್ರಹಿಸಿದ ಪ್ರಕರಣವೊಂದನ್ನು 2025ರಲ್ಲಿ ಸೈಬರಾಬಾದ್ ಪೊಲೀಸರು ದಾಖಲಿಸಿಕೊಂಡರು. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕಾಯಿದೆ 2019ರಿಂದ ಇದೆ. ಆದರೆ ಕಾಯಿದೆ ಕೆಲಸ ಮಾಡುವುದು ಹಣ ಹೋದ ಮೇಲೆ. ಹೊರವರ್ತುಲ ರಸ್ತೆಯ ಆಚೆ ನಿವೇಶನವನ್ನೋ ಫ್ಲಾಟನ್ನೋ ‘ಪ್ರಿ-ಲಾಂಚ್’ ದರದಲ್ಲಿ ಕೊಡುತ್ತೇವೆಂದು ಬರುವವರ ಯೋಜನೆ ತೆಲಂಗಾಣದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ನೋಡಬೇಕು; 2016ರ ಕಾಯಿದೆಯಂತೆ ನೋಂದಣಿ ಅಗತ್ಯವಿರುವ ಯೋಜನೆಯಲ್ಲಿ ಅದಕ್ಕೆ ಮೊದಲು ಮಾರಾಟ ಮಾಡುವಂತಿಲ್ಲ. ನೋಂದಣಿ ಇದ್ದರೂ ನಿವೇಶನ ತಿಂಗಳ ಖರ್ಚಿಗೆ ಒದಗುವ ಆಸ್ತಿಯಲ್ಲ. ಆಸ್ಪತ್ರೆಯ ಬಿಲ್ಲಿಗೆ ಅದರ ಒಂದು ಮೂಲೆಯನ್ನು ಮಾರಲಾಗುವುದಿಲ್ಲ.

ಬ್ಯಾಂಕಿನಲ್ಲೇ ನಡೆಯುವ ಇನ್ನೊಂದು ಪ್ರಮಾದವಿದೆ. ಠೇವಣಿ ಇಡಲು ಹೋದವರು ಹತ್ತು ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿಯೊಂದಿಗೆ ಮರಳುವುದುಂಟು. ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ಗ್ರಾಹಕರಿಗಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಕೇಂದ್ರ ಕಚೇರಿ ಹೈದರಾಬಾದಿನಲ್ಲಿಯೇ ಇದೆ.

ಕಾಗದಪತ್ರ, ಊರು

ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಆಗಿರಬೇಕು. ಆಗಿದೆ ಎಂಬ ನೆನಪನ್ನು ನಂಬದೆ ದಾಖಲೆಯನ್ನು ನೋಡಬೇಕು. ಸೇವೆಗೆ ಸೇರಿದಾಗ ತಾಯಿಯ ಹೆಸರನ್ನು ಬರೆದುಕೊಟ್ಟು ಮೂವತ್ತು ವರ್ಷ ಬದಲಾಯಿಸದೆ ಬಿಟ್ಟ ನಿದರ್ಶನಗಳು ಅಪರೂಪವಲ್ಲ. ಯಾವ ಹಣ ಎಲ್ಲಿದೆ, ಯಾವ ದಿನ ಅವಧಿ ಮುಗಿಯುತ್ತದೆ ಎಂಬುದನ್ನು ಪತ್ನಿಗೆ ಅಥವಾ ಪತಿಗೆ ತಿಳಿಯುವ ಭಾಷೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಬೇಕು.

ನಿವೃತ್ತಿಯ ನಂತರ ಬೀದರಿಗೋ ರಾಯಚೂರಿಗೋ ಮರಳುವ ಯೋಚನೆ ಇದ್ದವರು ಅದಕ್ಕಾಗಿ ಹಣವನ್ನು ಕೈಯಲ್ಲಿ ಹಿಡಿದು ಕಾಯಬೇಕಾಗಿಲ್ಲ. ಹಿರಿಯ ನಾಗರಿಕರ ಯೋಜನೆಯ ಖಾತೆಯನ್ನು ಅಲ್ಲಿಯ ಅಂಚೆ ಕಚೇರಿಗೆ ವರ್ಗಾಯಿಸಿಕೊಳ್ಳಬಹುದು. ಅವಧಿಗೆ ಮುನ್ನ ಮುಚ್ಚಿದರೆ ಮೊದಲ ವರ್ಷದೊಳಗೆ ಬಡ್ಡಿ ಇಲ್ಲ, ಎರಡನೆಯ ವರ್ಷದಲ್ಲಿ ಅಸಲಿನ ಶೇಕಡ 1.5, ಅನಂತರ ಶೇಕಡ 1 ಕಡಿತವಾಗುವುದರಿಂದ ಮುಚ್ಚುವುದಕ್ಕಿಂತ ವರ್ಗಾವಣೆ ಲೇಸು. ನೌಕರರ ಪಿಂಚಣಿ ಯೋಜನೆಯ ಪಿಂಚಣಿಯನ್ನು 2025ರ ಜನವರಿಯಿಂದ ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯಲ್ಲಿ ಪಡೆಯಬಹುದಾಗಿದೆ. ಊರು ಬದಲಾಯಿಸಿದಾಗ ಪಿಂಚಣಿ ಪಾವತಿ ಆದೇಶವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾದ ಅಗತ್ಯ ಈಗ ಇಲ್ಲ. ಜೀವಿತ ಪ್ರಮಾಣಪತ್ರವನ್ನು ಮಾತ್ರ ವರ್ಷಕ್ಕೊಮ್ಮೆ ಸಲ್ಲಿಸಬೇಕು. ಈ ಯೋಜನೆಯ ಪಿಂಚಣಿದಾರರು ಅದನ್ನು ವರ್ಷದ ಯಾವ ತಿಂಗಳಿನಲ್ಲಾದರೂ ಸಲ್ಲಿಸಬಹುದು. ಸಲ್ಲಿಸಿದ ದಿನದಿಂದ ಒಂದು ವರ್ಷ ಅದು ಊರ್ಜಿತದಲ್ಲಿರುತ್ತದೆ.